ಗಡ್ಡೆ ಕರಗೀತೆಂಬ ಮಾತು

ಮಾನ್ವಿಯ ಮುಸ್ಲಿಂ ಮೊಹಲ್ಲಾಗಳಲ್ಲಿ ಹೆಣ್ಣೊಬ್ಬಳು ತೀರಿಕೊಂಡರೆ ಮೊದಲು ಕರೆ ಹೋಗುತ್ತಿದ್ದುದು ನೂರ್ ಬೀಗೆ. ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ ಕಫನ್ ಹೊದಿಸುವ ಕೆಲಸವನ್ನು ಆಕೆ ಅತ್ತೆಯಿಂದ ಕಲಿತಿದ್ದಳು. ಬೋರೆ ಎಲೆ ಹಾಕಿ ಕಾಯಿಸಿದ ನೀರು ಎಷ್ಟು ಬೆಚ್ಚಗಿರಬೇಕು, ಮೈಮೇಲಿನ ಚಾದರ ಸರಿಯದಂತೆ ಅದರಡಿಯಲ್ಲಿ ಕೈ ಹೇಗೆ ಆಡಬೇಕು, ಒಳಗಿನ ಹೊಲಸು ಹೊರಬರಲೆಂದು ಹೊಟ್ಟೆಯನ್ನು ಎಷ್ಟು ಹಗುರ ಒತ್ತಬೇಕು ಎಂಬುದೆಲ್ಲ ಅವಳ ಬೆರಳುಗಳಿಗೇ ಗೊತ್ತಿತ್ತು. ಈ ಕೆಲಸಕ್ಕೊಂದು ಕಟ್ಟುಪಾಡೂ ಇದೆ. ಪರದೆಯ ಹಿಂದೆ ಕಂಡದ್ದನ್ನು ಯಾರೆದುರೂ ಬಾಯಿ ಬಿಡಕೂಡದು. ಯಾರ ಬೆನ್ನಿನ ಬರೆ, ಯಾರ ತೊಡೆಯ ಸುಟ್ಟ ಗಾಯ, ಎಲ್ಲವನ್ನೂ ನೂರ್ ಬೀ ನುಂಗಿಕೊಂಡಿದ್ದಳು.

ತನ್ನ ಮೈಯ ವಿಷಯದಲ್ಲೂ ಅದೇ ಮೌನ. ಬಹಿರ್ದೆಸೆಯಲ್ಲಿ ರಕ್ತ ಬೀಳತೊಡಗಿದಾಗ ಮೂಲವ್ಯಾಧಿಯೆಂದುಕೊಂಡು ವರ್ಷವಿಡೀ ಹಕೀಮರ ಪುಡಿ ನುಂಗಿದಳು. ಉರ್ದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಮಗಳು ದಿಲ್ಶಾದ್ ಬಚ್ಚಲಿನ ಕಲ್ಲಿನ ಮೇಲೆ ಕೆಂಪು ಕಂಡು ಹೌಹಾರಿ, ತಾಯಿಯನ್ನು ರಾಯಚೂರಿನ ಆಸ್ಪತ್ರೆಗೆ ಎಳೆದೊಯ್ದಳು. ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಗಡ್ಡೆ ತೀರ ಕೆಳಗೆ, ಗುದದ್ವಾರದ ಸಮೀಪವೇ ಇತ್ತು.

ಡಾಕ್ಟರ್ ಶಶಿಕಲಾ ಮುಚ್ಚುಮರೆಯಿಲ್ಲದೆ ವಿವರಿಸಿದರು. "ಮೊದಲ ಐದು ವಾರ ಕರೆಂಟ್, ಅಂದ್ರ ರೇಡಿಯೇಷನ್ ಕೊಡತೀವಿ, ಜೋಡಿ ಗುಳಿಗಿ. ಗಡ್ಡಿ ಪೂರಾ ಕರಗಿತಂದ್ರ ಆಪರೇಷನ್ ಬದಿಗಿಟ್ಟು ನೋಡಿಕೋತ ಇರಬಹುದು. ಕರಗಲಿಲ್ಲಂದ್ರ ಕೆಳಗಿನ ದಾರಿ ಮುಚ್ಚಿ ಹೊಟ್ಟಿ ಮ್ಯಾಲ ದಾರಿ ಮಾಡಬೇಕಾಗ್ತದ. ಅಲ್ಲಿಗೊಂದು ಚೀಲ, ಜೀವ ಇರೋತನ."

"ನಂದು ಕರಗ್ತದೋ ಇಲ್ಲೋ, ಅಷ್ಟ ಹೇಳಿಬಿಡ್ರಿ," ಎಂದಳು ನೂರ್ ಬೀ.

ಅದನ್ನು ಮೊದಲೇ ಹೇಳುವುದು ಯಾರಿಗೂ ಸಾಧ್ಯವಾಗಿಲ್ಲವೆಂದರು ಡಾಕ್ಟರ್. ಒಂದೇ ಅಳತೆಯ ಗಡ್ಡೆ, ಒಂದೇ ಚಿಕಿತ್ಸೆ. ಒಬ್ಬರಲ್ಲಿ ಗುರುತೇ ಉಳಿಯದಂತೆ ಮಾಯವಾಗುತ್ತದೆ, ಇನ್ನೊಬ್ಬರಲ್ಲಿ ಜಗ್ಗುವುದೇ ಇಲ್ಲ. ದೂರದ ನಗರದಲ್ಲಿ ಸಂಶೋಧಕರ ತಂಡವೊಂದು ಹಳೆಯ ರೋಗಿಗಳ ಸ್ಕ್ಯಾನಿಂಗ್ ಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಕಲಿಸಿ, ಹೊಸಬರ ಗಡ್ಡೆ ಹೇಗೆ ವರ್ತಿಸೀತೆಂದು ಊಹಿಸಲು ಯತ್ನಿಸುತ್ತಿತ್ತು. ನೂರ್ ಬೀಯ ಒಪ್ಪಿಗೆ ಪಡೆದು ಅವಳ ಚಿತ್ರಗಳನ್ನೂ ಅಲ್ಲಿಗೆ ಕಳಿಸಿದರು. ವಾರದ ನಂತರ ಉತ್ತರ ಬಂತು: ಇಂಥ ಹತ್ತು ಗಡ್ಡೆಗಳಲ್ಲಿ ಏಳು ಚೆನ್ನಾಗಿ ಕರಗಬಹುದು. ಇದಿನ್ನೂ ಪರೀಕ್ಷೆಯ ಹಂತದಲ್ಲಿದೆ, ಇದನ್ನೇ ನೆಚ್ಚಬೇಡಿರೆಂದು ಡಾಕ್ಟರ್ ದಿಲ್ಶಾದಳಿಗೆ ಎಚ್ಚರಿಸಿದರು. ಆದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯ ಮುಖ ನೋಡಿದ್ದೇ ಮಗಳ ನಾಲಿಗೆಯ ಮೇಲೆ ಆ ಹತ್ತೂ ಏಳೂ ಕರಗಿಹೋದವು. ಕರಗುತ್ತದೆಂದು ಕಂಪ್ಯೂಟರ್ ಹೇಳಿದೆ ಎಂದಷ್ಟೇ ಮನೆಮಾತಾದ ದಖನಿಯಲ್ಲಿ ಹೇಳಿದಳು.

ತಾಯಿ ಆ ಮಾತನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಳೆಂದರೆ ದಿಲ್ಶಾದಳಿಗೇ ದಿಗಿಲಾಯಿತು. ಅದರ ಕಾರಣ ಮಾತ್ರ ಅವಳಿಗೆ ತಿಳಿಯುವಂತಿರಲಿಲ್ಲ. ಕೆಲವು ವರ್ಷಗಳ ಹಿಂದೆ ದೇವದುರ್ಗದಲ್ಲಿ ನೂರ್ ಬೀ ತೊಳೆದ ಹೆಣ್ಣೊಬ್ಬಳ ಹೊಟ್ಟೆಯ ಮೇಲೆ ಅಂಥದೇ ಚೀಲವಿತ್ತು. ಅದನ್ನು ತೆಗೆದು ಹೊಟ್ಟೆ ಒತ್ತಿದರೆ ಕೆಂಪನೆಯ ಮಾಂಸದ ಬಾಯಿಂದ ಹೊಲಸು ಬಂತು. ತೊಳೆದಳು, ಮತ್ತೆ ಬಂತು. ಹೊರಗೆ ಗಂಡಸರು ಜನಾಜಾ ಹೊತ್ತೊಯ್ಯಲು ಅವಸರಿಸುತ್ತಿದ್ದರು. ಕೊನೆಗೆ ಅರಳೆ ತುರುಕಿ, ಅದು ತೋಯುತ್ತಿದ್ದಂತೆಯೇ ಕಫನ್ ಬಿಗಿದಳು. ಅವಳ ಕೈಯಿಂದ ಪಾಕಿಯಾಗದೆ, ಶುದ್ಧವಾಗದೆ ಮಣ್ಣಿಗೆ ಹೋದ ಮೈ ಅದೊಂದೇ. ಕಟ್ಟುಪಾಡಿನಂತೆ ಅದನ್ನವಳು ಯಾರಿಗೂ ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಸಾವಿಗೆ ಅವಳು ಹೆದರುತ್ತಿರಲಿಲ್ಲ. ಸಾವಿನ ನಂತರ ಯಾರದೋ ಕೈಗೆ ತಾನೂ ಹಾಗೆ ಸಿಗಬಾರದೆಂಬುದೊಂದೇ ಅವಳ ಹಟ.

ಐದು ವಾರ ಕರೆಂಟ್ ತಾಳಿಕೊಂಡಳು. ಕೂರಲಾಗದಷ್ಟು ಉರಿ ಎದ್ದರೂ ಹಲ್ಲುಕಚ್ಚಿದಳು. ರಕ್ತ ನಿಂತಾಗ ಮೊಹಲ್ಲಾಕ್ಕೆಲ್ಲ ಸಕ್ಕರೆ ಹಂಚಿದಳು.

ಎರಡು ತಿಂಗಳ ನಂತರದ ಸ್ಕ್ಯಾನಿಂಗಿನಲ್ಲಿ ಗಡ್ಡೆ ಅಂಚಿನಲ್ಲಿ ಮಾತ್ರ ಸವೆದಿತ್ತು. ಬುಡ ಇದ್ದಲ್ಲೇ ಇತ್ತು.

"ಹತ್ತು ಮಂದ್ಯಾಗ ಮೂರು ಮಂದಿಗೆ ಕರಗಂಗಿಲ್ಲಂತ ಮೊದಲ ಇತ್ತು," ಡಾಕ್ಟರ್ ತಗ್ಗಿದ ದನಿಯಲ್ಲಿ ಹೇಳಿದರು. "ನೀವು ಆ ಮೂರರಾಗ ಬಂದ್ರಿ. ತಡಾ ಮಾಡೋದು ಬ್ಯಾಡ, ಆಪರೇಷನ್ ಮಾಡೋಣು."

"ಆ ಮೂರು ಮಂದಿ ಸುದ್ದಿ ನನಗ ಯಾರೂ ಹೇಳಲಿಲ್ರಿ."

ದಿಲ್ಶಾದ್ ತಲೆ ಎತ್ತಲಿಲ್ಲ.

ನೂರ್ ಬೀ ಆಪರೇಷನ್ನಿಗೆ ಒಪ್ಪಲಿಲ್ಲ. ಚೀಲದಿಂದ ನಮಾಜು ಕೆಟ್ಟೀತೆಂಬ ಚಿಂತೆಯಿರಬೇಕೆಂದು ಮಗಳು ಮಸೀದಿಯ ಮೌಲಾನಾರನ್ನೇ ಕೇಳಿಬಂದಳು. ರೋಗಿಗೆ ವಿನಾಯಿತಿಯಿದೆ, ಚೀಲವಿದ್ದರೂ ನಮಾಜು ಸಲ್ಲುತ್ತದೆಂದು ಅವರು ಹೇಳಿ ಕಳಿಸಿದ್ದರು. ತಾಯಿಯ ಹಟ ಸಡಿಲಲಿಲ್ಲ. ದಿನ ಕಳೆದಂತೆ ಮಗಳ ಅಳಲು ಸಿಟ್ಟಾಯಿತು.

"ಊರ ಮಂದೀದೆಲ್ಲಾ ತೊಳದಿ. ಈಗ ನಿಂದೂ ನನ್ನ ಕೈಲೆ ತೊಳಿಸಬೇಕಂತ ಮಾಡೀಯೇನು, ಅಮ್ಮೀ?"

"ನೀ ತೊಳೀಬ್ಯಾಡ," ಎಂದಳು ನೂರ್ ಬೀ.

ಹಾಗೇ ಮತ್ತೆರಡು ತಿಂಗಳು ಸರಿದವು. ಒಂದು ಮಧ್ಯಾಹ್ನ ಪಕ್ಕದ ಓಣಿಯ ಶಹಜಾದಿ ಬೇಗಂ ತೀರಿಕೊಂಡಳು. ಮಗಳು ಬೇಡವೆಂದರೂ ಕೇಳದೆ, ಕೆಲಸ ಕಲಿಯುತ್ತಿದ್ದ ತಂಗಿಯ ಮಗಳು ಗುಲ್ಫಶಾಳನ್ನು ಕರೆದುಕೊಂಡು ನೂರ್ ಬೀ ಹೋದಳು. ಹಲಗೆಯ ಮೇಲಿನ ಶವದ ಬಲ ಮಗ್ಗುಲಿಗೆ ನೀರು ಹನಿಸುತ್ತಿರುವಾಗ ತನ್ನ ಕಾಲುಗಳ ಮೇಲೆ ಬಿಸಿಯಾಗಿ ಏನೋ ಇಳಿದಂತಾಯಿತು. ಬಗ್ಗಿ ನೋಡಿದಳು. ಹಲಗೆಯಡಿ ಹರಿಯುತ್ತಿದ್ದ ತಿಳಿನೀರಿಗೆ ಅವಳ ಪಾದದ ಕಡೆಯಿಂದ ರಕ್ತವೂ ಹೊಲಸೂ ಬೆರೆಯುತ್ತಿದ್ದವು. ಗುಲ್ಫಶಾ ಅದನ್ನು ಕಂಡಳು. ಕಂಡೂ ಮುಖದಲ್ಲಿ ಏನನ್ನೂ ತೋರಗೊಡದೆ ಅವಳ ಕೈಯಿಂದ ಚೊಂಬು ತೆಗೆದುಕೊಂಡಳು.

"ಖಾಲಾ, ನೀವು ಹೊರಗ ಕುಂದರ್ರಿ. ನಾ ಮುಗಸ್ತೀನಿ."

ಹಿತ್ತಲಿನ ಮೆಟ್ಟಿಲ ಮೇಲೆ ನೂರ್ ಬೀ ಗೋಡೆಗಾತು ಕುಳಿತಳು. ಚೀಲವನ್ನು ದೂರವಿಟ್ಟು ಯಾವ ಪಾಕಿಯನ್ನು ಉಳಿಸಿಕೊಳ್ಳಹೊರಟಿದ್ದಳೋ ಅದು ಈ ಹೊತ್ತಿಗಾಗಲೇ ಕೈಬಿಟ್ಟಿತ್ತು, ಅದೂ ಇನ್ನೊಬ್ಬಳ ಕೊನೆಯ ನೀರಿನಲ್ಲಿ. ಕರೆ ಕಳಿಸಿದ್ದಕ್ಕೆ ಓಡಿಬಂದ ದಿಲ್ಶಾದಳಿಗೆ, ಡಾಕ್ಟರಿಗೆ ಫೋನ್ ಹಚ್ಚು, ಕೊಯ್ಯಲಿ ಎಂದಳು.

ದಿಲ್ಶಾದ್ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದಳು. ಮರಳಿ ತಾಯಿಯೆದುರು ಕುಕ್ಕರುಗಾಲಲ್ಲಿ ಕೂತಳು.

"ನಾಳಿಗೆ ಬರ್ರಿ ಅಂದ್ರು. ಇಷ್ಟು ದಿನ ಹೋಗ್ಯಾವಲ್ಲ, ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಬೇಕಂತ. ಇನ್ನೂ ಕೊಯ್ಯಾಕ ಬರ್ತದೋ ಇಲ್ಲೋ, ನೋಡಿದ ಮ್ಯಾಲೇ ಗೊತ್ತಾಗೋದಂತ."

ನೂರ್ ಬೀ ಮುಂದಿನ ಮಾತಿಗೆ ಕಾದಳು. ಮಗಳು ಈ ಸಲ ಏನನ್ನೂ ಸೇರಿಸಲಿಲ್ಲ, ಏನನ್ನೂ ಮುಚ್ಚಿಡಲೂ ಇಲ್ಲ. ಮುಂಬಾಗಿಲಲ್ಲಿ ಗಂಡಸರು ಸೇರುತ್ತಿದ್ದ ಸದ್ದು ಕೇಳುತ್ತಿತ್ತು. ದಿಲ್ಶಾದ್ ತನ್ನ ಬುರ್ಖಾ ಬಿಚ್ಚಿ ತಾಯಿಯ ಸೊಂಟಕ್ಕೆ ಸುತ್ತಿದಳು. ನೂರ್ ಬೀ ಅದನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಯಾರ ಕಣ್ಣಿಗೂ ಬೀಳದೆ ಮನೆ ಸೇರಲು ಯಾವ ಸಂದಿ ಹಿಡಿಯುವುದೆಂದು ಹಿತ್ತಲ ಬಾಗಿಲಾಚೆ ನೋಡತೊಡಗಿದಳು.