ಹಾರ್ಮೋನಿಯಂ ಮೇಲಿನ ಕುಂಕುಮ

ನನ್ನ ಅಣ್ಣನ ದನಿ ವಯಸ್ಸಾಗಿ ಹೋಯಿತು ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೂವತ್ತೆರಡಕ್ಕೆ ಯಾರಿಗೆ ವಯಸ್ಸಾಗುತ್ತದೆ? ಎತ್ತಿಗೆ ಆಗಬಹುದು, ಮನುಷ್ಯನಿಗಲ್ಲ. ಅವನು ತನ್ನ ದನಿಯನ್ನು ತಾನೇ ಸುಟ್ಟುಕೊಂಡ. ದಿನಕ್ಕೆ ಎರಡು ಪಾಕೀಟು ಸಿಗರೇಟಿನಂತೆ, ಹತ್ತು ವರ್ಷಕ್ಕೂ ಹೆಚ್ಚು. ಸುಡುವಾಗ ಊರೆಲ್ಲ ಚಪ್ಪಾಳೆ ಹೊಡೆಯಿತು. ಆ ದನಿಯ ಮೇಲೆ ನನ್ನದೂ ಒಂದು ಹಕ್ಕಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಾರ್ಮೋನಿಯಂ ಹಿಡಿದು ಎರಡು ವಚನ ಹಾಡದೆ ಚಹಾ ಮುಟ್ಟುತ್ತಿರಲಿಲ್ಲ. ಅಣ್ಣ, ನಾನು ಇಬ್ಬರೂ ಸರಿಗಮ ಕಲಿತದ್ದು ಆ ಪೆಟ್ಟಿಗೆಯ ಮೇಲೆಯೇ. ಅವನಿಗಿಂತ ನಾನು ಎರಡು ವರ್ಷ ಸಣ್ಣವಳು, ಆದರೆ ನನ್ನ ದನಿ ಅವನಿಗಿಂತ ಎರಡು ಮನೆ ಮೇಲಕ್ಕೆ ಹೋಗುತ್ತಿತ್ತು. ಹಾರ್ಮೋನಿಯಂನಲ್ಲಿ ಬೆರಳಿಡುವ ಪಟ್ಟಿಗಳಿಗೆ ನಾವು ಮನೆ ಎನ್ನುತ್ತಿದ್ದೆವು, ಬಿಳಿ ಮನೆ, ಕರಿ ಮನೆ. ನನಗೆ ಹದಿನೈದು ತುಂಬಿದ ವರ್ಷ ಅಪ್ಪ, "ಇನ್ನ ಸಾಕವ್ವಾ, ದೇವರ ಮುಂದ ಹಾಡಿಕೊಂಡಿರು" ಎಂದರು. ಅಲ್ಲಿಗೆ ಮುಗಿಯಿತು. ಅಣ್ಣನಿಗೆ ಯಾರೂ ಸಾಕು ಎನ್ನಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಕಾಲೇಜಿಗೆ ಹೋಗುತ್ತಿದ್ದ ಅಣ್ಣ ಕ್ಯಾಂಪಿನ, ಅಂದರೆ ಮಿಲಿಟರಿಯವರ ಬಡಾವಣೆಯ, ಒಬ್ಬ ಗಿಟಾರಿನವನ ಜೊತೆ ಸೇರಿ ರಾಕ್ ತಂಡ ಕಟ್ಟಿದ. ಊರವರು ಅದನ್ನೂ ಆರ್ಕೆಸ್ಟ್ರಾ ಎಂದೇ ಕರೆದರು. ಇಂಗ್ಲಿಷ್ ಹಾಡುಗಳ ಅರ್ಧ ಮಾತು ಇವರಿಗೇ ತಿಳಿಯುತ್ತಿರಲಿಲ್ಲ, ಬಾಯಿಗೆ ಬಂದದ್ದು ಹಾಡಿ ತಲೆ ಕೊಡವುತ್ತಿದ್ದರು. ಅದನ್ನು ನೋಡಲಾರದೆ ನಾನೊಂದು ಕನ್ನಡ ಹಾಡು ಕಟ್ಟಿಕೊಟ್ಟೆ, ರಾಗವನ್ನೂ ಕೂಡಿಸಿ. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಹುಡುಗಿ, ಹೊರಟ ರೈಲು. "ಗಾಡಿ ಹೊಂಟೈತಿ, ನಾನೂ ಬರತೀನಿ, ತಡೀ" ಎಂಬುದು ಅದರ ಮುಖ್ಯ ಸಾಲು. ಆ 'ತಡೀ' ಎಂಬ ಕೂಗು ಮೇಲಕ್ಕೆ ಏರಿ ಅಲ್ಲೇ ನಿಲ್ಲಬೇಕು, ಉಸಿರು ಇರುವತನಕ. ನನ್ನ ಗಂಟಲಿಗೆ ಅಳತೆ ಹಿಡಿದು ಹೊಲಿದ ಕುಪ್ಪಸ ಅದು. ಅಣ್ಣ ತೊಟ್ಟುಕೊಂಡ.

"ನಿನ್ನ ಹೆಸರ ಹೇಳಿದ್ರ ಅಪ್ಪ ಬೈತಾನ. ನಾನ ಬರದೇನಿ ಅಂತ ಹೇಳೇನಿ, ನಡೀತೈತಲ್ಲಾ?" ಎಂದ.

ನಡೆಯುತ್ತದೆ ಎಂದೆ, ಹುಚ್ಚಿ. ನನ್ನ ಹಾಡು ಮನೆಯ ಹೊಸ್ತಿಲು ದಾಟಲು ಇದ್ದ ಬಾಗಿಲು ಅವನ ಗಂಟಲೊಂದೇ. ಕಾಲೇಜಿನ ಮೈದಾನದಲ್ಲಿ ಅವನು ಮೊದಲ ಸಲ ಆ 'ತಡೀ' ಎತ್ತಿ ಹಿಡಿದಾಗ ನಾನು ಹೆಂಗಸರ ಸಾಲಿನಲ್ಲಿ ಅವ್ವನ ಪಕ್ಕ ಕುಳಿತು, ಸೆರಗಿನೊಳಗೆ ಮುಷ್ಟಿ ಬಿಗಿದುಕೊಂಡು ಅತ್ತೆ. ಅಷ್ಟು ಚೆಂದ ಹಾಡಿದ. ಸುಳ್ಳು ಹೇಳಬಾರದು.

ಆ ವರ್ಷದ ಖಂಡೇಪೂಜೆಯ ದಿನ, ಅಂದರೆ ದಸರೆಯ ಮುಂಚಿನ ದಿನ, ಮನೆಯ ಕುಡಗೋಲು, ಹೊಲಿಗೆ ಮಶಿನ್ನು, ಸೈಕಲ್ಲುಗಳ ಸಾಲಿನಲ್ಲಿ ಹಾರ್ಮೋನಿಯಂ ಕೂಡ ಪೂಜೆಗೆ ಕುಳಿತಿತ್ತು. ಅಣ್ಣ ಹುಮ್ಮಸ್ಸಿನಲ್ಲಿದ್ದ. "ತಂಗಿ, ನೀ ಬಾತಿ ಒತ್ತು, ನಾ ಎಲ್ಲೀತನಕಾ ಏರತೀನಿ ನೋಡು" ಎಂದ. ನಾನು ಬಾತಿಯಿಂದ, ಅಂದರೆ ಪೆಟ್ಟಿಗೆಯ ಹಿಂದಿನ ತಿದಿಯಿಂದ, ಗಾಳಿ ತುಂಬುತ್ತ ಒಂದೊಂದೇ ಮನೆ ಒತ್ತುತ್ತ ಹೋದೆ, ಅವನು ಏರುತ್ತ ಹೋದ. ಬಲತುದಿಯಿಂದ ಎಣಿಸಿದರೆ ಹತ್ತನೆಯ ಬಿಳಿ ಮನೆಯಲ್ಲಿ ಅವನ ದನಿ ತುಂಬಿಕೊಂಡು ನಿಂತಿತು. "ಹಚ್ಚು ಇದಕ್ಕ ಕುಂಕುಮ" ಎಂದ. ಹಚ್ಚಿದೆ. ಅಂದಿನಿಂದ ಅದು ನಮ್ಮಿಬ್ಬರ ಪದ್ಧತಿಯಾಯಿತು. ಪ್ರತಿ ಖಂಡೇಪೂಜೆಗೆ ಅವನ ದನಿ ಮುಟ್ಟಿದ ಕೊನೆಯ ಮನೆಗೆ ನನ್ನ ಕೈಯಿಂದ ಕುಂಕುಮ. ಹಳೇ ಬಿಳಿ ಪಟ್ಟಿ, ಒರೆಸಿದರೂ ನಸುಗೆಂಪು ಕಲೆ ಉಳಿಯುತ್ತಿತ್ತು.

ಮರುವರ್ಷ ದೀಪಾವಳಿ ರಜೆಯಲ್ಲಿ ಗಿಟಾರಿನವನು ತನ್ನ ರೆಕಾರ್ಡ್ ಪ್ಲೇಯರನ್ನು ನಮ್ಮ ಮನೆಗೆ ಹೊತ್ತುಕೊಂಡು ಬಂದ. ಜೊತೆಗೊಂದು ಇಂಗ್ಲಿಷ್ ರಾಕ್ ರೆಕಾರ್ಡು. "ಸೂಜಿ ಹಳೇದೈತಿ, ನಮ್ಮ ಮಾವ ಮುಂಬೈಗೆ ಹೋದಾಗಿಂದ ಬದಲೀನ ಮಾಡಿಲ್ಲ, ಇಲ್ಲೆ ಎಲ್ಲೂ ಸಿಗೂದಿಲ್ಲ" ಎಂದು ನನ್ನೆದುರಿಗೇ ಹೇಳಿದ. ನನ್ನ ಕಿವಿಯಿಂದಲೇ ಕೇಳಿದೆ. ರೆಕಾರ್ಡು ತಿರುಗಿತು. ಹಾಡುವವನ ದನಿ ಖರಖರ, ಒಡಕು, ತಗಡಿನ ಮೇಲೆ ಜಲ್ಲಿ ಎಳೆದಂತೆ. ಅಣ್ಣ ಕಣ್ಣರಳಿಸಿ ಕುಳಿತ.

"ಕೇಳು, ಹೆಂಗ ಖರಖರ ಅಂತೈತಿ! ಗಂಡಸಿನ ಆವಾಜ್ ಅಂದ್ರ ಇದು. ನಂದ ನೋಡು, ಬೆಣ್ಣಿ ಹಚ್ಚಿದಂಗ ಐತಿ."

"ಬೆಣ್ಣಿ ಇದ್ದದ್ದು ಛಲೋ ಆತಲ್ಲೋ ಅಣ್ಣಾ. ಯಾರರ ಗಂಟಲಾಗ ಉಸುಕ ಹಾಕ್ಕೋತಾರೇನು?"

"ನಿನಗೇನ ತಿಳೀತೈತಿ ರಾಕ್ ಅಂದ್ರ" ಎಂದ. ಹಾಡು ಬರೆದುಕೊಟ್ಟವಳು ನಾನು, ನನಗೆ ತಿಳಿಯುವುದಿಲ್ಲ! ಗಿಟಾರಿನವನು ಪರಮಜ್ಞಾನಿಯಂತೆ ಬಾಯಿ ಹಾಕಿದ. "ಅಂವಾ ಬರೇ ಸಿಗರೇಟ್ ಮ್ಯಾಲ ಇರತಾನಂತ. ಅದಕ್ಕ ಅಂಥಾ ಆವಾಜ್." ಇದನ್ನು ಇವನಿಗೆ ಯಾರು ಹೇಳಿದರೋ, ಇವನ ಬಾಯಿಗೆ ಮಣ್ಣು ಹಾಕ. ಅಣ್ಣ ಅವತ್ತೇ ಮೊದಲ ಸಿಗರೇಟು ಹಚ್ಚಿದ, ಹಿತ್ತಲ ಕರಿಬೇವಿನ ಗಿಡದ ಮರೆಯಲ್ಲಿ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಹಾಡಿಗೆ ಮೊದಲೊಂದು, ಹಾಡು ಮುಗಿದ ಮೇಲೊಂದು. ಅದಕ್ಕವನು ಇಟ್ಟ ಹೆಸರು ರಿಯಾಜ್, ಸಂಗೀತದವರು ತಮ್ಮ ಅಭ್ಯಾಸಕ್ಕೆ ಎನ್ನುವ ಹಾಗೆ.

ಮೊದಲ ಎರಡು ವರ್ಷ ಏನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ಹೆದರಿ ಬಿಡುತ್ತಿದ್ದ. ಆಮೇಲೆ ದನಿಗೆ ಸಣ್ಣಗೆ ಖರಖರ ಬಂತು, ಜನಕ್ಕೆ ಹುಚ್ಚು ಹಿಡಿಯಿತು. "ಏನ್ ಆವಾಜ್ ಬಂದೈತೋ ಮಗನ!" ಎಂದು ಗೆಳೆಯರು ಬೆನ್ನು ತಟ್ಟಿ ತಾವೇ ಕಡ್ಡಿ ಗೀರಿ ಹಿಡಿದರು. ಆದರೆ ಹಾರ್ಮೋನಿಯಂ ಯಾರ ಮುಲಾಜಿನದೂ ಅಲ್ಲ. ಕುಂಕುಮ ಹತ್ತನೆಯ ಮನೆಯಿಂದ ಹನ್ನೊಂದಕ್ಕೆ ಇಳಿಯಿತು, ಮುಂದೆ ಹನ್ನೆರಡಕ್ಕೆ. ಬೆಳಿಗ್ಗೆ ಎದ್ದರೆ ಒಂಬತ್ತು ಗಂಟೆಯವರೆಗೆ ಬಚ್ಚಲಲ್ಲಿ ಕಫ ತೆಗೆಯುವುದೇ ಕೆಲಸ. ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದ ಸಾಲು ನಡುವೆ ತುಂಡಾಗತೊಡಗಿತು. ನಂತರ ದನಿಯ ನಟ್ಟನಡುವೆ ಒಂದು ತೂತು ಬಿತ್ತು. ಕೆಳಗೆ ಹಾಡಿದರೆ ಬರುತ್ತದೆ, ಮೇಲೆ ಕಿರುಚಿದರೆ ಬರುತ್ತದೆ, ನಡುವಿನ ಎರಡು ಸ್ವರದಲ್ಲಿ ಬರೀ ಗಾಳಿ.

ಅಷ್ಟರಲ್ಲಿ ನನ್ನ ಮದುವೆಯಾಗಿ ಖಾನಾಪುರಕ್ಕೆ ಹೋಗಿದ್ದೆ. ನಮ್ಮ ಮನೆಯವರು ಅಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರರು. ಓಣಿಯಲ್ಲೆಲ್ಲ ಮರಾಠಿ, ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ವರ್ಷಕ್ಕೊಮ್ಮೆ ಖಂಡೇಪೂಜೆಗೆ ರೈಲು ಹತ್ತಿ ತವರಿಗೆ ಬರುತ್ತಿದ್ದೆ. ಬಂದಾಗೊಮ್ಮೆ ಹಾರ್ಮೋನಿಯಂ ಮುಂದೆ ನಮ್ಮಿಬ್ಬರ ಜಗಳ.

"ವಯಸ್ಸಾತು ತಂಗಿ. ಮೂವತ್ತ ದಾಟಿದ ಮ್ಯಾಲ ಆವಾಜ್ ಇಳಿಯೂದ."

"ಇಳೀತೈತಿ. ಎರಡ ಬಾಣಂತನ ಆದ ಮ್ಯಾಲ ನಂದೂ ಅರ್ಧ ಮನಿ ಇಳದೈತಿ, ಭಾರ ಆಗೇತಿ. ವಯಸ್ಸಿಂದು ಅಷ್ಟ. ನಿಂದು ನಾಕ ಮನಿ ಇಳದೈತಲ್ಲೋ, ಅದೂ ವಯಸ್ಸೇನು?"

ಒಮ್ಮೆ ಹಟ ಹಿಡಿದು ಗಂಟಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯೊಳಗೆ ಸಣ್ಣ ಕನ್ನಡಿ ಹಿಡಿದು ನೋಡಿ, ದನಿ ಹೊರಡಿಸುವ ಎರಡೂ ಪದರಗಳು ಬಾತುಕೊಂಡಿವೆ, ಸಿಗರೇಟು ಬಿಟ್ಟರೆ ಒಂದಿಷ್ಟು ಸುಧಾರಿಸುತ್ತದೆ, ಬಿಡದಿದ್ದರೆ ಇಲ್ಲ ಎಂದರು. ಅಣ್ಣ ತಲೆಯಾಡಿಸಿದ. ಹೊರಬಂದವನೇ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಒಂದು ಹಚ್ಚಿದ. ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಹಿರಿಯ ಎಂದು ಸುಮ್ಮನಾದೆ.

ಎಂಬತ್ತರ ದಶಕ ಶುರುವಾಗಿ ಊರಲ್ಲಿ ಕ್ಯಾಸೆಟ್ಟಿನ ಅಂಗಡಿಗಳು ಬಂದವು. ಒಂದು ಮಧ್ಯಾಹ್ನ ಬೆಳಗಾವಿಗೆ ಬಂದು ಖಡೇಬಜಾರದಲ್ಲಿ ಮಕ್ಕಳ ಅಂಗಿಗೆ ಬಟ್ಟೆ ಕೊಳ್ಳುತ್ತಿದ್ದೆ. ಎದುರಿನ ಅಂಗಡಿಯಿಂದ ಒಂದು ಇಂಗ್ಲಿಷ್ ಹಾಡು ಕೇಳಿತು. ರಾಗ ಗುರುತಿನದು. ಅದೇ ಹಾಡು, ಆ ದೀಪಾವಳಿಯ ರೆಕಾರ್ಡಿನದು. ಆದರೆ ದನಿ? ಖರಖರ ಇಲ್ಲ, ಒಡಕಿಲ್ಲ. ತಿಳಿನೀರಿನಂಥ ದನಿ, ಮೇಲಕ್ಕೆ ಹೋಗಿ ಅಲುಗದೆ ನಿಲ್ಲುತ್ತಿತ್ತು. ಕತ್ತರಿಸಿದ ಬಟ್ಟೆಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದೆ. ಹಾಡುವವನು ಅವನೇ ಏನ್ರಿ ಎಂದು ಅಂಗಡಿಯವನನ್ನು ಎರಡು ಸಲ ಕೇಳಿದೆ. ಅವನೇ.

ಖರಖರ ಎಂದದ್ದು ಸವೆದ ಸೂಜಿ! ಒಂದು ಮುರುಕು ಸೂಜಿಯಂತೆ ಹಾಡಲು ಹೋಗಿ ನನ್ನ ಅಣ್ಣ, ದೇವರು ಕೊಟ್ಟ ಗಂಟಲಿಗೆ ಹತ್ತು ವರ್ಷ ಬೆಂಕಿ ಇಟ್ಟಿದ್ದ. ಸೂಜಿ ಹಳೆಯದೆಂದು ನನ್ನ ಕಿವಿಗೂ ಬಿದ್ದಿತ್ತು, ನನಗೂ ಹೊಳೆಯಲಿಲ್ಲ. ಆ ಸಿಟ್ಟು ನನ್ನ ಮೇಲೂ ಇದೆ.

ಕ್ಯಾಸೆಟ್ಟು ಕೊಂಡು ನೆಟ್ಟಗೆ ಟಿಳಕವಾಡಿಗೆ ಹೋಗಿ ಅಣ್ಣನ ಮುಂದೆ ಹಾಕಿದೆ. ಪೂರ್ತಿ ಕೇಳಿದ. ಮುಖ ಸುಣ್ಣವಾಯಿತು. ಆಮೇಲೆ ಹೇಳಿದ್ದೇನು ಗೊತ್ತೇ?

"ಇದು ಬ್ಯಾರೆ ಯಾರೋ ಹಾಡ್ಯಾರ."

ಹೇಳಿ, ಕಡ್ಡಿಪೆಟ್ಟಿಗೆ ತಡಕಿದ. ಮಾಡಿದ್ದುಣ್ಣೋ ಮಹಾರಾಯ ಎಂದು ಎದ್ದು ಬಂದೆ. ಆದರೆ ಉಣ್ಣುತ್ತಿದ್ದವನು ಅವನೊಬ್ಬನೇ ಅಲ್ಲವಲ್ಲ, ಹಾಡು ನನ್ನದು.

ಎರಡು ವರ್ಷದ ನಂತರ ನಮ್ಮ ಮನೆಯವರ ಶಾಲೆಯ ಗ್ಯಾದರಿಂಗಿಗೆ, ಅದೇ ವಾರ್ಷಿಕೋತ್ಸವಕ್ಕೆ, ಅಣ್ಣನ ತಂಡವನ್ನು ಕರೆಸಿದರು. ಭಾವಮೈದುನನ ಮೇಲೆ ಅವರಿಗೆ ಅಭಿಮಾನ. ಹೊತ್ತು ಮುಳುಗುವ ಮುಂಚೆಯೇ ಮೈದಾನ ತುಂಬಿತ್ತು. ನಾನು ಪರದೆಯ ಹಿಂದೆ, ಬಹುಮಾನದ ತಟ್ಟೆಗಳನ್ನು ಹೊಂದಿಸುತ್ತ ನಿಂತಿದ್ದೆ. ಹೆಸರು ಕೂಗುವ ಮಾಸ್ತರರ ಮೈಕು ನನ್ನ ಬಾಜುವಿನಲ್ಲೇ ಇತ್ತು.

ಅಣ್ಣ ನನ್ನ ಹಾಡು ಎತ್ತಿಕೊಂಡ. ಅವನು ಆ ಹೊತ್ತಿಗೆ ಒಂದು ಉಪಾಯ ಕಲಿತಿದ್ದ. 'ತಡೀ' ಬಂದಾಗ ತಾನು ಬಾಯಿ ಮುಚ್ಚಿ ಮೈಕನ್ನು ಜನರ ಕಡೆ ಚಾಚುವುದು, ಜನ ಕೂಗುವುದು. ಬೆಳಗಾವಿಯಲ್ಲಿ ಹಾಡು ಎಲ್ಲರಿಗೂ ಬಾಯಿಪಾಠ, ಅಲ್ಲಿ ನಡೆಯುತ್ತಿತ್ತು. ಖಾನಾಪುರದಲ್ಲಿ ಆ ಹಾಡು ಯಾರಿಗೆ ಗೊತ್ತು? "ನಾನೂ ಬರತೀನಿ" ಎಂದು ಮೈಕು ಚಾಚಿದ. ಗಪ್‌ಚಿಪ್. ಯಾರೋ ಒಬ್ಬರು ಕೆಮ್ಮಿದರು. ಪರದೆಯ ಸಂದಿಯಿಂದ ನೋಡಿದೆ, ಅಣ್ಣ ಮೈಕು ಚಾಚಿಕೊಂಡೇ ನಿಂತಿದ್ದ.

ಅವನ ಮೇಲಿನ ಕರುಣೆಯಿಂದ ಹಾಡಿದೆ ಎಂದು ಆಮೇಲೆ ನಮ್ಮ ಮನೆಯವರು ಅಂದುಕೊಂಡರು. ಕರುಣೆಯಲ್ಲ, ಸಿಟ್ಟು. ನನ್ನ ಹಾಡನ್ನು ನಡುದಾರಿಯಲ್ಲಿ ಕೈಬಿಟ್ಟನಲ್ಲ ಎಂಬ ಸಿಟ್ಟು. ಬಾಜುವಿನ ಮೈಕು ಎಳೆದುಕೊಂಡು 'ತಡೀ' ಎಂದು ಎತ್ತಿದೆ. ಅಣ್ಣ ತಟ್ಟನೆ ತನ್ನ ಮೈಕನ್ನು ಹಿಂದಕ್ಕೆ ಎಳೆದು ಬಾಯಿ ತೆರೆದ. ಹದಿನೈದನೆಯ ವಯಸ್ಸಿನಿಂದ ಒಳಗೆ ಕೂಡಿಟ್ಟಿದ್ದೆಲ್ಲ ಅದರಲ್ಲಿ ಹೋಯಿತು. ಮೈದಾನ ಎದ್ದು ನಿಂತಿತು. ಜನ ಸಿಳ್ಳೆ ಹೊಡೆದದ್ದು ಅಣ್ಣನಿಗೆ. ದನಿ ಅವನದೇ ಎಂದುಕೊಂಡರು, ಒಡಹುಟ್ಟಿದವರ ದನಿ, ಮೇಲಾಗಿ ನನ್ನದು ಭಾರವಾಗಿತ್ತಲ್ಲ. ಹೆಡ್‌ಮಾಸ್ತರರು ಬಂದು ಅವನ ಕೊರಳಿಗೆ ಹಾರ ಹಾಕಿ, "ಏನ್ ಆವಾಜ್ರೀ ನಿಮ್ದು! ಈ ವಯಸ್ಸಿನ್ಯಾಗೂ!" ಎಂದರು.

ಅಣ್ಣ ಕೈ ಮುಗಿದ. ಪರದೆಯ ಕಡೆ ಒಂದು ಸಲ ನೋಡಿದ. ನೋಡಿ, ಮತ್ತೆ ಜನರಿಗೆ ಕೈ ಮುಗಿದ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನನಗೆ ಹಲ್ಲೂ ಇತ್ತು, ಕಡಲೆಯೂ ನನ್ನದೇ ಇತ್ತು. ತಿಂದವನು ಅವನು.

ಮುಂದಿನ ಖಂಡೇಪೂಜೆಗೆ ಹೋಗಬಾರದೆಂದುಕೊಂಡಿದ್ದೆ, ಅವ್ವನಿಗಾಗಿ ಹೋದೆ. ಅಣ್ಣ ತಾನೇ ಬಾತಿ ಹಿಡಿದು ಕುಳಿತಿದ್ದ. "ಇವತ್ತ ನೀ ಹಾಡು" ಎಂದ. ಹಾಡಿದೆ. ಹತ್ತನೆಯ ಬಿಳಿ ಮನೆ ದಾಟಿ ಒಂಬತ್ತಕ್ಕೆ ಹೋದೆ. ಅವನು ಕುಂಕುಮ ತೆಗೆದು ಆ ಮನೆಗೆ ಹಚ್ಚಿದ. ಬೆರಳಿಗೆ ಸಿಗರೇಟಿನ ಹಳದಿ ಬಣ್ಣ.

"ಅವತ್ತ ನಾ ಹೇಳಬೇಕಾಗಿತ್ತು" ಎಂದ.

"ಈಗ ಹೇಳಿದ್ರ ಯಾರಿಗ ಕೇಳತೈತಿ? ಇಲ್ಲೆ ನಾವಿಬ್ಬರ ಅದೀವಿ. ಕೈಯಾಗ ಮೈಕ್ ಇತ್ತಲ್ಲ, ಆವಾಗ ಹೇಳಬೇಕಾಗಿತ್ತು. ಈ ಸಲ ಗ್ಯಾದರಿಂಗದಾಗ ನಾನ ಹಾಡತೀನಿ. ನೀ ಬಂದು ಕೆಳಗ ಕುಂದರು."

ನಮ್ಮ ಮನೆಯವರನ್ನು ಒಪ್ಪಿಸಿದೆ, ಅವರು ಹೆಡ್‌ಮಾಸ್ತರರನ್ನು ಒಪ್ಪಿಸಿದರು. ಆ ಚಳಿಗಾಲ ಅದೇ ಮೈದಾನದಲ್ಲಿ, ಪರದೆಯ ಮುಂದೆ ನಿಂತು ನನ್ನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದೆ. ದನಿ ನಡುಗಲಿಲ್ಲ. ಅಣ್ಣ ಮೊದಲ ಸಾಲಿನಲ್ಲಿ ಕುಳಿತಿದ್ದ. 'ತಡೀ' ಮುಗಿದು ಚಪ್ಪಾಳೆ ಬಿದ್ದಾಗ ಹೆಡ್‌ಮಾಸ್ತರರು ಮೈಕು ಹಿಡಿದು ಸಂತೋಷದಿಂದ ಎಲ್ಲರಿಗೂ ಸಾರಿದರು.

"ನೋಡ್ರಿ, ಥೇಟ್ ಅಣ್ಣನಂಗ ಹಾಡತಾರ!"

ಅಷ್ಟರಲ್ಲಿ ಅಣ್ಣ ಎದ್ದು ನಿಂತ. ಜನರ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದ.

"ಅಲ್ರೀ, ಆಕಿ ನನ್ನಂಗ ಹಾಡಲಿಲ್ಲ. ನಾನ ಆಕಿ ಹಂಗ ಹಾಡತಿದ್ದೆ. ಹಾಡ ಆಕೀದು. ಹ್ವಾದ ವರ್ಷ ಎತ್ತಿದ್ದೂ ಆಕಿನ."

ವೇದಿಕೆಯ ಅಂಚಿನಲ್ಲಿದ್ದ ನಾನು ಪ್ರತಿ ಮಾತನ್ನೂ ಕೇಳಿಸಿಕೊಂಡೆ. ಎರಡನೆಯ ಸಾಲಿನ ಮುದುಕರೊಬ್ಬರು ಕಿವಿಗೆ ಕೈ ಹಿಡಿದು, "ಕಾಯ್ ಮ್ಹಣಾಲೇ?" ಏನಂದರು, ಎಂದು ಪಕ್ಕದವರನ್ನು ಕೇಳಿದರು. ಅವರಿಗೂ ಕೇಳಿಸಿರಲಿಲ್ಲ. ಅಣ್ಣ ಇನ್ನೊಮ್ಮೆ ಹೇಳಲು ಹೋದ, ಬರೀ ಗಾಳಿ ಬಂತು, ಅದರ ಹಿಂದೆ ಕೆಮ್ಮು. ಜನ ಎದ್ದು ಚಾಪೆ ಮಡಚತೊಡಗಿದರು. ಆ ಒಂದು ಮಾತಿಗೆ ಆಗುವಷ್ಟಾದರೂ ದನಿ ಉಳಿಸಿಕೊಂಡಿರಬೇಕಿತ್ತು ಅವನು.