ಮೆಣಸಿನಕಾಯಿ ಘಾಟು ಅಂದುಕೊಂಡೆವು

ಬ್ಯಾಡಗಿಯ ಮೆಣಸಿನಕಾಯಿ ಅಂಗಳವೊಂದು ಗುತ್ತೆವ್ವನಿಗೆ ಇನ್ನೂ ಒಂಬತ್ತು ದಿನದ ಕೂಲಿ ಕೊಡಬೇಕು. ೨೦೦೬ರ ಫೆಬ್ರವರಿಯದು. ಒಂದು ದಿನ ತಪ್ಪಿಸಿದರೆ ಹಳೆಯ ಕೂಲಿಯೂ ಮುಂದಿನ ವಾರಕ್ಕೆ ಹೋಗುತ್ತಿತ್ತು. ಅದಕ್ಕೇ ಮೂರು ದಿನದಿಂದ ತಲೆನೋವಿದ್ದರೂ ಆಕೆ ಕಾಗಿನೆಲೆ ಬಸ್ ಹತ್ತಿ ಬಂದಳು.

ಐವತ್ತೆರಡರ ವಿಧವೆ. ಇಪ್ಪತ್ತು ವರ್ಷ ಕಾಯಿಯ ತೊಟ್ಟು ಮುರಿದವಳು. ಬಾಯಿ ಜೋರು. ಕೂಲಿ ಹೆಚ್ಚಿಸಿ ಎಂದು ಅಂಗಳದ ಹೆಂಗಸರು ನಾವು ಧರಣಿ ಕೂತಾಗ, "ಏ ಸಾವ್ಕಾರಾ, ನಿನ್ನ ಸಂಗಾಟ ನಿನ್ನ ತೂಕದ ಕಲ್ಲಿಗೂ ಹೊಟ್ಟಿ ಬಂದೈತಿ ನೋಡು!" ಎಂದು ಕೂಗಿದ್ದು ಆಕೆಯೇ.

ಆ ದಿನ ಹನ್ನೊಂದರ ಹೊತ್ತಿಗೆ ತಲೆ ಹಿಡಿದುಕೊಂಡಳು. "ಹೊನ್ನವ್ವಾ, ತಲಿ ಸೀಳಾಕತ್ತೈತಿ" ಎಂದವಳೇ ವಾಂತಿ ಮಾಡಿದಳು.

ಪಕ್ಕದಲ್ಲಿದ್ದ ಹೊನ್ನವ್ವ ನಕ್ಕಳು. "ಹೊಸಾ ಸೊಸಿಯಂಗ ಮಾಡಬ್ಯಾಡವಾ. ನಿನಗ ಇನ್ನೂ ಘಾಟು ಹಿಡಿತೈತೇನ?"

ಆ ಅಂಗಳದಲ್ಲಿ ಕೆಮ್ಮು, ವಾಂತಿ, ಕಣ್ಣೀರು ದಿನದ ಮಾತು. ಅದಕ್ಕೆಲ್ಲ ಮದ್ದು ಒಂದೇ, ಮಜ್ಜಿಗೆ. ಹೊನ್ನವ್ವ ಕುಡಿಸಿದಳು. ಬಲಗಡೆ ಬಾಯಿ ಸೊಟ್ಟಗಾಗಿ ಅರ್ಧ ಸೋರಿತು. ಗದ್ದ ಎತ್ತಿ ಇನ್ನೊಂದು ಲೋಟ ಹುಯ್ದಳು. ಗುತ್ತೆವ್ವ ಕೆಮ್ಮಿದಳು. ಘಾಟು ಇಳಿಯಿತು ಎಂದು ನೆರಳಿಗೆ ಮಲಗಿಸಿದೆವು.

ಊಟದ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲ. ಬಲಗೈ ಎತ್ತಿ ಬಿಟ್ಟರೆ ದೊಪ್ಪನೆ ಬಿತ್ತು. ಟೆಂಪೊದಲ್ಲಿ ಹಾವೇರಿಗೆ ಒಯ್ದೆವು. ಅಲ್ಲಿನ ಡಾಕ್ಟರು ಬಿಪಿ ನೋಡಿದರು, ಇನ್ನೂರ ಮೂವತ್ತು. "ಮೆದುಳಾಗ ರಕ್ತ ಸೋರೇತೋ, ಹೆಪ್ಪುಗಟ್ಟೇತೋ, ಸ್ಕ್ಯಾನ್ ಮಾಡಲಾರ್ದ ಔಷಧ ಕೊಡಾಕ ಬರೂದಿಲ್ರಿ. ನಮ್ಮಲ್ಲಿ ಯಂತ್ರ ಇಲ್ಲ. ಲಗೂ ಹುಬ್ಬಳ್ಳಿಗೆ ಒಯ್ಯಿರಿ."

ಹುಬ್ಬಳ್ಳಿಯ ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ಬಿಳಿ ಕಲೆ ಕಂಡಿತು. ಬಿಪಿ ಏರಿ ನಾಳ ಒಡೆದು ಸೋರಿದ ರಕ್ತ. ಬಿಪಿ ಇಳಿಸಿದರು. ಮರುದಿನದ ಸ್ಕ್ಯಾನಿನಲ್ಲಿ ಕಲೆ ಬೆಳೆದಿರಲಿಲ್ಲ. ತಲೆ ತೆರೆಯುವುದು ಬೇಡ, ರಕ್ತ ತಾನೇ ಕರಗುತ್ತದೆ ಎಂದರು. ರಾಣೆಬೆನ್ನೂರಿನಿಂದ ಓಡಿಬಂದ ಮಗ ಮೈಲಾರೆಪ್ಪ ಆ ದಿನ ಊಟ ಮಾಡಿದ.

ಮೂರನೇ ದಿನ ಜ್ವರ ಏರಿತು, ಉಸಿರು ಗೊರಗುಟ್ಟಿತು. ಡಾಕ್ಟರು ಹೊರಗೆ ಬಂದರು. "ಪುಪ್ಪುಸದಾಗ ಕೀವು ಆಗೈತಿ. ಕುಡಿಸಿದ್ದು ಉಸಿರಿನ ಕೊಳವಿಗೆ ಇಳದಂಗ ಐತಿ. ಬಾಯಿಗೆ ಏನರ ಹಾಕಿದ್ರೇನು?"

"ಮಜ್ಜಿಗಿರೀ" ಎಂದಳು ಹೊನ್ನವ್ವ. "ನಾನ ಕುಡಿಸೀನಿ."

ಆರನೇ ದಿನ ಗುತ್ತೆವ್ವ ಸತ್ತಳು.

ಹೊನ್ನವ್ವನನ್ನು ಬೈಯಬೇಡಿ. ಬಾಯಿ ಸೊಟ್ಟಗಾದವರಿಗೆ ಹನಿ ನೀರೂ ಹಾಕಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಗುತ್ತೆವ್ವನ ತೋಳಿಗೆ ಬಿಪಿ ಪಟ್ಟಿ ಸುತ್ತಿದವರೂ ಇಲ್ಲ. ಸಾವ್ಕಾರರೇ, ನಿಮ್ಮ ಅಂಗಳದಲ್ಲಿ, ಗಿರಣಿಯಲ್ಲಿ, ಹೊಲದಲ್ಲಿ ದುಡಿಯುವ ಹೆಂಗಸರ ಬಿಪಿ ಯಾವತ್ತು ನೋಡಿಸುತ್ತೀರಿ? ತಾರೀಖು ಹೇಳಿ.