ಹನ್ನೊಂದರಿಂದ ಭಾಗವಾಗುವ ನಂಬರು

ಅಚ್ಚುಕೂಟದಲ್ಲಿ ಅವನಿಗೆ ಒಂಬತ್ತಪ್ಪ ಎಂದೇ ಹೆಸರು. ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ಏಳಂಕಿಯ ನಂಬರು ಒತ್ತುವುದು ಅವನ ಮೂವತ್ತೊಂದು ವರ್ಷದ ಕೆಲಸ. ಒತ್ತಿದ್ದನ್ನೆಲ್ಲ ಪಟ್ಟಿಯ ಜೊತೆ ಓದಿ ನೋಡುತ್ತ ಕೂತರೆ ಕೆಲಸ ಮುಗಿದಂತೆಯೇ! ಅದಕ್ಕೆ ಅಂಕಿಗಳನ್ನು ಕೂಡಿಸುತ್ತಿದ್ದ, ಒಂದೇ ಅಂಕಿ ಉಳಿಯುವವರೆಗೆ ಮತ್ತೆ ಕೂಡಿಸುತ್ತಿದ್ದ. ಎರಡೂ ಕಡೆ ಅದೇ ಅಂಕಿ ಬಂದರೆ ಸರಿ. ಈ ಒಂಬತ್ತರ ಲೆಕ್ಕ ಸುಳ್ಳು ಹೇಳುವುದಿಲ್ಲ ಎಂದು ಕಂಡಕಂಡವರ ತಲೆ ತಿನ್ನುತ್ತಿದ್ದ.

"ನನ್ನ ಹಣೆ ಮೇಲೂ ಒಂದು ನಂಬರ್ ಒತ್ತಿಸ್ಕೊಂಡು ಬರ್ಲಾ? ಆಗಲಾದ್ರೂ ತಿರುಗಿ ನೋಡ್ತೀರೇನೋ" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಆ ಹೆಂಡತಿ ಈಗ ಸೋಂಕಿನ ವಾರ್ಡಿನಲ್ಲಿದ್ದಳು. ಒಳಗೆ ಯಾರನ್ನೂ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಕಿಟಕಿಯಲ್ಲಿ ರೋಗಿಯ ನಂಬರು ಹೇಳಿ ವಿಚಾರಿಸಬೇಕು. ಆಸ್ಪತ್ರೆಯವರು ಆ ನಂಬರು ಬರೆದು ಕೊಟ್ಟ ಚೀಟಿ ಕಳೆದೀತೆಂದು ಅವನು ಅದನ್ನು ಮನೆಯ ಬೀರುವಿನಲ್ಲಿಟ್ಟು, ನಂಬರನ್ನು ಒಂದು ತುಂಡು ಕಾಗದಕ್ಕೆ ಬರೆದುಕೊಂಡ. ಚೀಟಿಯದು ಕೂಡಿಸಿದರೆ ಮೂವತ್ತಮೂರು, ಅಂದರೆ ಆರು. ಕಾಗದದ್ದೂ ಆರು. ಬೇರೆ ಯಾರಾದರೂ ಆಗಿದ್ದರೆ ಎರಡು ಸಲ ಓದುತ್ತಿದ್ದರು.

ಮೂರು ದಿನವೂ ಕಿಟಕಿಯಿಂದ ಒಳ್ಳೆಯ ಸುದ್ದಿಯೇ ಬಂತು. ಜ್ವರ ಇಳಿದಿದೆ, ಗಂಜಿ ಕುಡಿದರು, ಎದ್ದು ಕೂತರು. ನಾಲ್ಕನೆಯ ಬೆಳಿಗ್ಗೆ ಸಾಲಿನಲ್ಲಿ ನಿಂತು, ಹೊತ್ತು ಹೋಗಲೆಂದು ಆ ನಂಬರನ್ನು ಭಾಗಿಸಿ ನೋಡಿದ. ಆಗಷ್ಟೇ ಊರಿನಿಂದ ಬಂದು ಮನೆ ಸೇರಿದ್ದ ಮಗಳಿಗೆ ಫೋನು ಮಾಡಿದ.

"ಅಮ್ಮನ ನಂಬರು ಹನ್ನೊಂದರಿಂದ ಸರಿಯಾಗಿ ಭಾಗವಾಗುತ್ತೆ ಕಣೇ!"

ಚಿಕ್ಕಂದಿನಿಂದ ಅಪ್ಪನ ಈ ಹುಚ್ಚು ಅವಳಿಗೂ ಅಂಟಿತ್ತು. ಬೀರುವಿನಿಂದ ಚೀಟಿ ತೆಗೆದು ತಾನೂ ಭಾಗಿಸಿದಳು.

"ಇಲ್ಲಪ್ಪ, ಆರು ಉಳಿಯುತ್ತೆ."

"ಇನ್ನೊಂದ್ಸಲ ಮಾಡು."

"ಮಾಡ್ದೆ. ನಾಲ್ಕು, ಒಂದು, ಎಂಟು, ಐದು, ಏಳು, ಎರಡು, ಆರು."

ಅವನ ಕಾಗದದಲ್ಲಿ ನಾಲ್ಕು, ಒಂದರ ನಂತರ ಐದು, ಎಂಟು ಎಂದಿತ್ತು. ಅಂಕಿಗಳು ಅವೇ, ಜಾಗ ಅದಲುಬದಲು. ಎರಡು ನಂಬರಿಗೂ ಇಪ್ಪತ್ತೇಳು ಸಾವಿರ ವ್ಯತ್ಯಾಸ, ಅದು ಒಂಬತ್ತರಿಂದ ಭಾಗವಾಗುತ್ತದೆ. ಹೀಗೆ ಅದಲುಬದಲಾದರೆ ಒಂಬತ್ತರ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಇದು ಅವನಿಗೆ ಹೊಳೆದಿರಲಿಲ್ಲ.

ಅವನ ಸರದಿ ಬಂತು. ಸರಿಯಾದ ನಂಬರು ಹೇಳಿದ. ಕಿಟಕಿಯ ಹುಡುಗಿ ಪುಸ್ತಕ ನೋಡಿ, ಅವನ ಮುಖ ನೋಡಿದಳು.

"ನೀವು ಅವರಿಗೆ ಏನಾಗ್ಬೇಕು ಸಾರ್? ಮೊನ್ನೆಯಿಂದ ಫಾರಂನಲ್ಲಿರೋ ಫೋನಿಗೆ ಮಾಡ್ತಾನೇ ಇದ್ದೀವಿ, ಸ್ವಿಚಾಫ್ ಬರ್ತಿದೆ. ಮೊನ್ನೆ ಬೆಳಿಗ್ಗೆನೇ ತೀರಿಕೊಂಡ್ರು."

ಫಾರಂ ತುಂಬಿದವಳು ಹೆಂಡತಿಯೇ. ತನ್ನ ಫೋನಿನ ನಂಬರನ್ನೇ ಬರೆದಿದ್ದಳು. ಅವನು ಕೈಯಲ್ಲಿದ್ದ ಕಾಗದವನ್ನು ಕಿಟಕಿಯೊಳಗೆ ಚಾಚಿದ.

"ಇವರು ಹೇಗಿದ್ದಾರಮ್ಮ?"

ಹುಡುಗಿ ಪುಟ ತಿರುವಿದಳು. "ಇವರನ್ನ ಇವತ್ತು ಮನೆಗೆ ಕಳಿಸ್ತಾರೆ."

"ಒಳ್ಳೇದಾಯ್ತು" ಎಂದ. ಮೂರು ದಿನ ಅವರಿಗಾಗಿಯೇ ಅವನು ಖುಷಿಪಟ್ಟಿದ್ದ.